ನಿಕೊಲಾ ಟೆಸ್ಲಾನ ಜೀವನಚರಿತ್ರೆಯನ್ನು ಬರೆಯುವ ಬಗೆ

ಶಾಲೆಯ ವಾರ್ಷಿಕ ಸಂಚಿಕೆಗಾಗಲಿ, ವಿಜ್ಞಾನ ಪತ್ರಿಕೆಗಾಗಲಿ, ನೂರು ಪುಟದ ಕಿರುಹೊತ್ತಗೆಗಾಗಲಿ ವಿದ್ಯುತ್ ಯಂತ್ರಗಳ ಸಂಶೋಧಕ ನಿಕೊಲಾ ಟೆಸ್ಲಾನ ಬದುಕನ್ನು ಕನ್ನಡದಲ್ಲಿ ಬರೆಯಲು ಹೊರಟವರಿಗೆ ಸಾಮಗ್ರಿಯ ಬರ ಎದುರಾಗುವುದಿಲ್ಲ. ಎದುರಾಗುವುದು ಅತಿವೃಷ್ಟಿ. ಅಂತರ್ಜಾಲದಲ್ಲಿ ಆತನ ಹೆಸರು ಹಾಕಿ ಹುಡುಕಿದರೆ ಒಂದೇ ಕಥೆ ನೂರು ಬಾಯಿಗಳಿಂದ ಕೇಳಿಬರುತ್ತದೆ: ಎಡಿಸನ್ ಖಳನಾಯಕ, ಟೆಸ್ಲಾ ಮೋಸಹೋದ ಮಹಾತ್ಮ, ಜಗತ್ತಿಗೆ ಪುಕ್ಕಟೆ ವಿದ್ಯುತ್ ಕೊಡಲಿದ್ದವನನ್ನು ಹಣವಂತರು ಹೊಸಕಿಹಾಕಿದರು. ಇದರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಎರಡನ್ನೂ ಒಟ್ಟಿಗೆ ತುಂಬಿಕೊಂಡು ಬರೆದ ಲೇಖನಗಳು ಈಗಾಗಲೇ ಸಾಕಷ್ಟಿರುವುದರಿಂದ ಇನ್ನೊಂದನ್ನು ಬರೆಯುವವರು ಮೊದಲು ತೂರಿ, ಆಮೇಲೆ ಅಳೆಯಬೇಕಾಗುತ್ತದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು, ಎಲ್ಲಿ ಎಡವುವ ಸಂಭವ ಹೆಚ್ಚು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಯಂತ್ರ, ಆಮೇಲೆ ಮನುಷ್ಯ

ಹುಟ್ಟೂರು, ತಂದೆತಾಯಿ, ಬಾಲ್ಯದ ತುಂಟತನ ಎಂದು ಟಿಪ್ಪಣಿ ಮಾಡಲು ಶುರುಮಾಡಬೇಡಿ. ಸಂಶೋಧಕನೊಬ್ಬನ ಬದುಕಿಗೆ ಆತ ಮಾಡಿದ ವಸ್ತುವೇ ಆಧಾರವಾದ್ದರಿಂದ, ಆ ವಸ್ತು ನಿಮಗೆ ಅರ್ಥವಾಗುವವರೆಗೆ ಒಂದು ವಾಕ್ಯವನ್ನೂ ಬರೆಯದಿರುವುದು ಕ್ಷೇಮ. ಟೆಸ್ಲಾನ ಮಟ್ಟಿಗೆ ಆ ವಸ್ತು ಇಂಡಕ್ಷನ್ ಮೋಟರು, ಅದರ ಹಿಂದಿರುವ ತತ್ತ್ವ ತಿರುಗುವ ಕಾಂತಕ್ಷೇತ್ರ. ಭಾರಿ ವೋಲ್ಟೇಜ್ ಹುಟ್ಟಿಸುವ ಟೆಸ್ಲಾ ಕಾಯಿಲ್‌ನ ಮಿಂಚು ಕಣ್ಣಿಗೆ ಹೆಚ್ಚು ಹಬ್ಬವೆಂಬುದು ನಿಜ, ಆದರೆ ನಮ್ಮ ಹೊಲಗದ್ದೆ, ಹಿಟ್ಟಿನ ಗಿರಣಿ, ಕಾರ್ಖಾನೆಗಳಲ್ಲಿ ಇಂದಿಗೂ ದುಡಿಯುತ್ತಿರುವುದು ಮೋಟರು.

ಆ ತತ್ತ್ವವನ್ನು ಹೀಗೆ ಗ್ರಹಿಸಬಹುದು. ಕಬ್ಬಿಣದ ಉಂಗುರವೊಂದರ ಮೇಲೆ ಎದುರುಬದುರಾಗಿ ಎರಡು ಜೊತೆ ಸುರುಳಿಗಳನ್ನು ಸುತ್ತಿ, ಎರಡಕ್ಕೂ ಪರ್ಯಾಯ ವಿದ್ಯುತ್ತನ್ನು (ಮತ್ತೆ ಮತ್ತೆ ದಿಕ್ಕು ಬದಲಿಸುವ ಎಸಿ ಪ್ರವಾಹವನ್ನು) ಹಾಯಿಸಲಾಗುತ್ತದೆ. ಎರಡೂ ಪ್ರವಾಹಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಿಲ್ಲ. ಒಂದು ಜೊತೆಯಲ್ಲಿ ಪ್ರವಾಹ ಗರಿಷ್ಠ ಮಟ್ಟದಲ್ಲಿರುವಾಗ ಇನ್ನೊಂದರಲ್ಲಿ ಸೊನ್ನೆ ಇರುತ್ತದೆ, ಮೊದಲನೆಯದು ತಗ್ಗುತ್ತ ಹೋದಂತೆ ಎರಡನೆಯದು ಹೆಚ್ಚುತ್ತ ಹೋಗುತ್ತದೆ. ಇದರಿಂದಾಗಿ ಕಾಂತದ ಉತ್ತರಧ್ರುವ ಒಂದು ಸುರುಳಿಯಿಂದ ಮುಂದಿನ ಸುರುಳಿಗೆ ಸರಿಯುತ್ತ, ಉಂಗುರ ಅಲುಗಾಡದಿದ್ದರೂ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ನಡುವೆ ಇಟ್ಟ ಲೋಹದ ತಿರುಗಣೆಯಲ್ಲಿ ಪ್ರೇರಿತ ಪ್ರವಾಹ ಹುಟ್ಟಿ, ಆ ತಿರುಗಣೆ ಓಡುತ್ತಿರುವ ಧ್ರುವದ ಬೆನ್ನು ಹತ್ತುತ್ತದೆ. ತಿರುಗುವ ಭಾಗಕ್ಕೆ ತಂತಿ ಜೋಡಿಸಬೇಕಾಗಿಲ್ಲ, ತಿರುಗುವ ಭಾಗಕ್ಕೆ ಉಜ್ಜುತ್ತ ವಿದ್ಯುತ್ ಮುಟ್ಟಿಸುವ ಬ್ರಷ್ ಬೇಡ, ಪ್ರವಾಹದ ದಿಕ್ಕು ಬದಲಿಸುವ ಕಮ್ಯುಟೇಟರ್ ಬೇಡ. ಆದ್ದರಿಂದ ಅಲ್ಲಿ ಕಿಡಿ ಹಾರುವುದೂ ಇಲ್ಲ.

ಕನ್ನಡದ ಓದುಗರಿಗೆ ಇದನ್ನು ಹೇಳಲು ಪಠ್ಯಪುಸ್ತಕದ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿಗಳು ಕಣ್ಣೆದುರಿಗೇ ಇವೆ. ಲೈನಿನ ಕೆಲಸವಾದ ಮೇಲೆ ಪಂಪ್‌ಸೆಟ್ಟಿನ ತ್ರೀ ಫೇಸ್ ಮೋಟರು ಉಲ್ಟಾ ತಿರುಗಿ, ಸದ್ದು ಸರಿಯಾಗಿದ್ದರೂ ನೀರು ಸರಿಯಾಗಿ ಏರದಿದ್ದರೆ, ಮೋಟರಿನ ವೈಂಡಿಂಗ್ ಬಲ್ಲವರು ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡುತ್ತಾರೆ. ಮೋಟರು ದಿಕ್ಕು ಬದಲಿಸುತ್ತದೆ. ಅಲ್ಲಿ ದಿಕ್ಕು ಬದಲಿಸಿದ್ದು ಕಾಂತಕ್ಷೇತ್ರದ ಪ್ರದಕ್ಷಿಣೆ. ಮನೆಯ ಹಳೆಯ ಸೀಲಿಂಗ್ ಫ್ಯಾನಿನ ಕಂಡೆನ್ಸರ್ ಹೋದಾಗ ಫ್ಯಾನು ಗುಂಯ್ ಎನ್ನುತ್ತ ನಿಂತೇ ಇರುತ್ತದೆ, ರೆಕ್ಕೆಯನ್ನು ಯಾವ ಕಡೆಗೆ ತಳ್ಳಿದರೂ ಆ ಕಡೆಗೇ ಮೆಲ್ಲಗೆ ತಿರುಗಲು ಶುರುಮಾಡುತ್ತದೆ. ಮನೆಗೆ ಬರುವ ಒಂದೇ ಫೇಸಿನಿಂದ, ಹಿಂದುಮುಂದಾಗಿ ಏರಿಳಿಯುವ ಎರಡನೆಯ ಪ್ರವಾಹವನ್ನು ಹುಟ್ಟಿಸಿಕೊಡುತ್ತಿದ್ದುದು ಆ ಕಂಡೆನ್ಸರ್. ಅದು ಕೆಟ್ಟಾಗ ಕ್ಷೇತ್ರ ತಿರುಗದೆ, ಇದ್ದಲ್ಲೇ ತುಯ್ದಾಡುತ್ತದೆ. (ಈಚೆಗೆ ಬಂದಿರುವ ಬಿಎಲ್‌ಡಿಸಿ ಫ್ಯಾನುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.) ಇಂಥ ಒಂದು ಉದಾಹರಣೆಯನ್ನು ಮೊದಲ ಎರಡು ಪುಟಗಳಲ್ಲಿ ಕೊಟ್ಟರೆ, ಮುಂದೆ ಬರುವ ಪೇಟೆಂಟು, ಒಪ್ಪಂದ, ಜಗಳಗಳೆಲ್ಲ ಯಾವುದಕ್ಕಾಗಿ ನಡೆದವೆಂಬುದು ಓದುಗನಿಗೆ ತಿಳಿದಿರುತ್ತದೆ. ಅದಿಲ್ಲದಿದ್ದರೆ ಇಡೀ ಜೀವನಚರಿತ್ರೆ ಬರಿಯ ಸ್ವಭಾವವರ್ಣನೆಯಾಗಿಬಿಡುತ್ತದೆ.

ಯಂತ್ರ ತಿಳಿದ ಮೇಲೆ ಅದರ ವಂಶಾವಳಿಯನ್ನು ಬರೆದುಕೊಳ್ಳಿ. ‘ಪರ್ಯಾಯ ವಿದ್ಯುತ್ತನ್ನು ಕಂಡುಹಿಡಿದವನು ಟೆಸ್ಲಾ’ ಎಂಬ ವಾಕ್ಯ ಪತ್ರಿಕೆಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಅದು ತಪ್ಪು. 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಕೊಂಡ ಮರುವರ್ಷವೇ ಪ್ಯಾರಿಸ್ಸಿನ ಪಿಕ್ಸಿ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಪರ್ಯಾಯ ಪ್ರವಾಹವನ್ನು ಪಡೆದಿದ್ದ. ಟ್ರಾನ್ಸ್‌ಫಾರ್ಮರನ್ನು ಬಳಕೆಗೆ ಯೋಗ್ಯವಾಗಿ ರೂಪಿಸಿದ ಕೀರ್ತಿ 1885ರ ಹೊತ್ತಿಗೆ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಝಿಪೆರ್ನೊವ್‌ಸ್ಕಿ, ಬ್ಲಾತಿ, ದೇರಿ ಎಂಬ ಮೂವರಿಗೆ ಸಲ್ಲಬೇಕು. 1886ರಲ್ಲಿ ವಿಲಿಯಂ ಸ್ಟ್ಯಾನ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಊರಿನ ಅಂಗಡಿಗಳಿಗೆ ಪರ್ಯಾಯ ವಿದ್ಯುತ್ತಿನಿಂದ ದೀಪ ಹಾಕಿ ತೋರಿಸಿದ್ದ. ಆದರೆ ದೀಪ ಉರಿಸುವ ಆ ವಿದ್ಯುತ್ತಿನಿಂದ ಯಂತ್ರ ತಿರುಗಿಸಲು ಒಳ್ಳೆಯ ಮೋಟರು ಇರಲಿಲ್ಲ. ಟೆಸ್ಲಾ ತುಂಬಿದ್ದು ಆ ಕೊರತೆಯನ್ನು. ಅವನ ಹಿಂದೆ ಇದ್ದವರನ್ನು ಹೆಸರಿಸಿದರೆ ಅವನ ಎತ್ತರ ಕಡಿಮೆಯಾಗುತ್ತದೆ ಎಂದು ಅಂಜಬೇಕಾಗಿಲ್ಲ. ಆತ ಎಲ್ಲಿ ನಿಂತು ಯಾವ ಹೆಜ್ಜೆ ಇಟ್ಟನೆಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ.

ಮೂರು ಕಲಮುಗಳ ಪಟ್ಟಿ

ಈಗ ಒಂದು ನೋಟುಪುಸ್ತಕದಲ್ಲಿ ಮೂರು ಕಲಮುಗಳನ್ನು ಎಳೆಯಿರಿ. ಮೊದಲನೆಯದರಲ್ಲಿ ಇಸವಿ, ಎರಡನೆಯದರಲ್ಲಿ ಘಟನೆ, ಮೂರನೆಯದರಲ್ಲಿ ಆ ಘಟನೆಯನ್ನು ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂಬ ವಿವರ. ಬರೆಯುವವರು ಸಾಮಾನ್ಯವಾಗಿ ಮೊದಲ ಎರಡನ್ನು ತುಂಬಿ ಮೂರನೆಯದನ್ನು ಖಾಲಿ ಬಿಡುತ್ತಾರೆ, ದಂತಕಥೆ ನುಗ್ಗುವುದು ಅಲ್ಲಿಂದಲೇ.

ಟೆಸ್ಲಾನ ಯೌವನದ ಕಥೆಗಳಲ್ಲಿ ಬಹುಪಾಲು ಬಂದಿರುವುದು ಆತ 1919ರಲ್ಲಿ, ಅರವತ್ತು ದಾಟಿದ ಮೇಲೆ, ‘ಎಲೆಕ್ಟ್ರಿಕಲ್ ಎಕ್ಸ್‌ಪೆರಿಮೆಂಟರ್’ ಎಂಬ ಮಾಸಪತ್ರಿಕೆಗೆ ಕಂತುಕಂತಾಗಿ ಬರೆದ ಆತ್ಮಕಥನದಿಂದ. ಆಸ್ಟ್ರಿಯಾದ ಗ್ರಾಜ್ ನಗರದ ಪಾಲಿಟೆಕ್ನಿಕ್ಕಿನಲ್ಲಿ ಗ್ರಾಮ್ ಎಂಬ ಹೆಸರಿನ ಡೈನಮೊ ಯಂತ್ರದ ಬ್ರಷ್ಷುಗಳಿಂದ ಕಿಡಿ ಹಾರುವುದನ್ನು ಕಂಡು ಕಮ್ಯುಟೇಟರ್ ಇಲ್ಲದೆಯೇ ಮೋಟರನ್ನು ನಡೆಸಬಹುದಲ್ಲವೇ ಎಂದು ಕೇಳಿದ್ದು, ಪ್ರಾಧ್ಯಾಪಕ ಪೋಷ್ಲ್ ಅದು ಎಂದಿಗೂ ಆಗದ ಮಾತೆಂದು ತರಗತಿಯ ಎದುರಿಗೇ ತಳ್ಳಿಹಾಕಿದ್ದು, 1882ರಲ್ಲಿ ಬುಡಾಪೆಸ್ಟಿನ ಉದ್ಯಾನದಲ್ಲಿ ಗೆಳೆಯ ಸಿಗೆಟಿಯೊಡನೆ ಅಡ್ಡಾಡುತ್ತ ಜರ್ಮನ್ ಕವಿ ಗಯಟೆಯ ಸಾಲುಗಳನ್ನು ಹೇಳುತ್ತಿದ್ದಾಗ ಪರಿಹಾರ ಥಟ್ಟನೆ ಹೊಳೆದು, ಕೋಲಿನಿಂದ ಮರಳಿನ ಮೇಲೆ ಅದರ ಚಿತ್ರ ಬರೆದದ್ದು, ಇವೆಲ್ಲ ಅಲ್ಲಿನ ಪ್ರಸಂಗಗಳು. ಇವು ಸುಳ್ಳೆಂದು ತೀರ್ಮಾನಿಸಲು ಕಾರಣವಿಲ್ಲ. ಆದರೆ ಮೂವತ್ತೇಳು ವರ್ಷಗಳ ಬಳಿಕ, ಆ ಶೋಧದ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಾದವಿವಾದಗಳೆಲ್ಲ ನಡೆದುಹೋದ ಮೇಲೆ, ಆ ಕೀರ್ತಿಗೆ ಹಕ್ಕುದಾರನಾದವನೇ ಬರೆದ ನೆನಪುಗಳು ಎಂಬುದು ನಿಮ್ಮ ಮೂರನೆಯ ಕಲಮಿನಲ್ಲಿ ಇರಬೇಕು. ಬರೆಯುವಾಗ ‘1882ರಲ್ಲಿ ಟೆಸ್ಲಾ ಇಂಡಕ್ಷನ್ ಮೋಟರನ್ನು ಕಂಡುಹಿಡಿದ’ ಎನ್ನುವ ಬದಲು ‘ಈ ಕಲ್ಪನೆ ತನಗೆ ಹೊಳೆದದ್ದು 1882ರಲ್ಲಿ ಎಂದು ಆತ ಮುಂದೆ ನೆನಪಿಸಿಕೊಂಡಿದ್ದಾನೆ’ ಎಂದರೆ ಸಾಕು. ದೃಶ್ಯದ ಸೊಗಸು ಕೆಡುವುದಿಲ್ಲ, ಬರೆದವರ ಮಾತೂ ಉಳಿಯುತ್ತದೆ.

ನೆನಪಿಗೆ ಎದುರಾಗಿ ಇಡಬೇಕಾದದ್ದು ಪೇಟೆಂಟನ್ನು. ಅದಕ್ಕೆ ದಿನಾಂಕವಿದೆ, ಸಹಿಯಿದೆ, ಸಾಕ್ಷಿಗಳಿದ್ದಾರೆ. ಅಮೆರಿಕದ 381,968ನೇ ಸಂಖ್ಯೆಯ ಪೇಟೆಂಟನ್ನು ಗೂಗಲ್ ಪೇಟೆಂಟ್ಸ್ ತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಅರ್ಜಿ ಸಲ್ಲಿಸಿದ್ದು 1887ರ ಅಕ್ಟೋಬರ್ 12, ಮಂಜೂರಾದದ್ದು 1888ರ ಮೇ 1. ಅದರ ಮೊದಲ ಹಾಳೆಗಳ ಚಿತ್ರಗಳನ್ನು ಬಿಡುವಾಗಿ ಕೂತು ನೋಡಿ. ಒಂದೇ ಉಂಗುರವನ್ನು ಎಂಟು ಸಲ ಬರೆದು, ಪ್ರತಿ ಸಲವೂ ಧ್ರುವ ಒಂದೊಂದು ಹೆಜ್ಜೆ ಮುಂದೆ ಸರಿದಿರುವುದನ್ನು ಬಾಣದ ಗುರುತಿನಿಂದ ತೋರಿಸಲಾಗಿದೆ. ತಿರುಗುವ ಕಾಂತಕ್ಷೇತ್ರದ ಬಗ್ಗೆ ನಾನು ಕಂಡಿರುವ ವಿವರಣೆಗಳಲ್ಲಿ ಇಷ್ಟು ತಿಳಿಯಾದದ್ದು ಇನ್ನೊಂದಿಲ್ಲ. ಇಂಗ್ಲಿಷು ಕಷ್ಟವೆನಿಸಿದರೆ ಪಠ್ಯವನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡಿದರೂ ಅರ್ಧ ಕೆಲಸ ಆದಂತೆ. 1888ರ ಮೇ 16ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಎದುರು ಟೆಸ್ಲಾ ಉಪನ್ಯಾಸ ಕೊಟ್ಟ. ಎಂಜಿನಿಯರುಗಳ ಲೋಕ ಅವನನ್ನು ಗುರುತಿಸಿದ್ದು ಅಂದಿನಿಂದ.

ಈ ಪಟ್ಟಿಯಲ್ಲಿ ಇನ್ನೊಂದು ಹೆಸರಿಗೆ ಸಾಲು ಮೀಸಲಿಡಬೇಕು. ಇಟಲಿಯ ಟ್ಯೂರಿನ್‌ನಲ್ಲಿದ್ದ ಗೆಲಿಲಿಯೊ ಫೆರಾರಿಸ್ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡು 1885ರಲ್ಲಿ ಮಾದರಿಯನ್ನು ತಯಾರಿಸಿ, 1888ರ ಮಾರ್ಚಿನಲ್ಲಿ ಪ್ರಕಟಿಸಿದ. ಟೆಸ್ಲಾನ ಅರ್ಜಿ ಅದಕ್ಕಿಂತ ಮೊದಲಿನದು, ಫೆರಾರಿಸ್‌ನ ಪ್ರಕಟಣೆ ಟೆಸ್ಲಾನ ಉಪನ್ಯಾಸಕ್ಕಿಂತ ಮೊದಲಿನದು. ಮುಂದೆ ಜರ್ಮನಿಯ ಎಇಜಿ ಕಂಪನಿಯಲ್ಲಿದ್ದ ದೊಲಿವೊ ದೊಬ್ರೊವೊಲ್‌ಸ್ಕಿ ಮೂರು ಫೇಸಿನ ಮೋಟರನ್ನು ಇಂದಿನ ರೂಪಕ್ಕೆ ತಂದ. ಈ ಮೂವರಲ್ಲಿ ಯಾರು ‘ನಿಜವಾದ’ ಶೋಧಕ ಎಂಬ ಪಂಚಾಯಿತಿಗೆ ಕೂರುವುದು ಜೀವನಚರಿತ್ರೆಕಾರನ ಕೆಲಸವಲ್ಲ. ದಿನಾಂಕಗಳನ್ನು ಸರಿಯಾಗಿ ಕೊಟ್ಟು ಮುಂದೆ ಹೋಗಬಹುದು.

ಬಾಲ್ಯಕ್ಕೆ ಎರಡು ಪುಟ ಸಾಕು. 1856ರ ಜುಲೈ 10ರಂದು ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಜನನ. ಹಳೆಯ ಪಂಚಾಂಗದಂತೆ ಅದು ಜೂನ್ 28 ಆಗುವುದರಿಂದ ಎರಡೂ ದಿನಾಂಕಗಳು ಪುಸ್ತಕಗಳಲ್ಲಿ ಕಾಣುತ್ತವೆ. ಊರು ಆಗ ಆಸ್ಟ್ರಿಯಾದ ಸಾಮ್ರಾಜ್ಯದಲ್ಲಿತ್ತು, ಈಗ ಕ್ರೊಯೇಷಿಯಾದಲ್ಲಿದೆ, ಕುಟುಂಬ ಸರ್ಬಿಯನ್ನರದು, ತಂದೆ ಮಿಲುಟಿನ್ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ಟೆಸ್ಲಾ ಯಾರವನು ಎಂದು ಎರಡು ದೇಶಗಳು ಇಂದಿಗೂ ಎಳೆದಾಡುತ್ತಿರುವುದರಿಂದ ಈ ಮೂರು ಸಂಗತಿಗಳನ್ನು ಒಟ್ಟಿಗೆ ಹೇಳಿ ಸುಮ್ಮನಾಗುವುದು ಒಳ್ಳೆಯದು. ಮನೆಗೆ ಬೇಕಾದ ಸಲಕರಣೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದ, ಉದ್ದುದ್ದ ವೀರಗೀತೆಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದ ತಾಯಿಗೆ ಮಾತ್ರ ಒಂದು ಪ್ಯಾರಾ ಹೆಚ್ಚು ಕೊಡಿ. ತನ್ನ ಯಂತ್ರಬುದ್ಧಿಯೂ ನೆನಪಿನ ಶಕ್ತಿಯೂ ಆಕೆಯಿಂದ ಬಂದವೆಂದು ಟೆಸ್ಲಾ ನಂಬಿದ್ದ.

ಹೆಸರಾದ ಕಥೆಗಳನ್ನು ಒರೆಗೆ ಹಚ್ಚುವುದು

1884ರ ಜೂನಿನಲ್ಲಿ ಟೆಸ್ಲಾ ನ್ಯೂಯಾರ್ಕಿಗೆ ಬಂದು ಎಡಿಸನ್ ಮೆಷಿನ್ ವರ್ಕ್ಸ್‌ನಲ್ಲಿ ಸುಮಾರು ಆರು ತಿಂಗಳು ಕೆಲಸ ಮಾಡಿದ. ಯಂತ್ರಗಳನ್ನು ಸುಧಾರಿಸಿದರೆ 50,000 ಡಾಲರ್ ಕೊಡುತ್ತೇನೆಂದು ಎಡಿಸನ್ ಮಾತು ಕೊಟ್ಟು, ಕೆಲಸ ಮುಗಿದ ಮೇಲೆ ‘ನಿನಗೆ ಅಮೆರಿಕದವರ ತಮಾಷೆ ತಿಳಿಯುವುದಿಲ್ಲ’ ಎಂದು ನಕ್ಕನೆಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಮೂರನೆಯ ಕಲಮನ್ನು ನೋಡಿ. ಟೆಸ್ಲಾನ ಆತ್ಮಕಥನದಲ್ಲಿ ಮಾತು ಕೊಟ್ಟವನು ಎಡಿಸನ್ ಅಲ್ಲ, ಕಾರ್ಖಾನೆಯ ಮ್ಯಾನೇಜರ್. ಅದು ಹಾಸ್ಯವಾಗಿತ್ತೆಂದು ತಿಳಿದು ನೋವಾಗಿ ಕೆಲಸ ಬಿಟ್ಟೆ ಎಂದಷ್ಟೇ ಆತ ಹೇಳುತ್ತಾನೆ. ಎಡಿಸನ್‌ನ ಬಾಯಿಗೆ ಆ ಮಾತನ್ನು ಹಾಕಿದ್ದು ಆಮೇಲೆ ಬಂದವರು. ಇನ್ನು ಮೊತ್ತದ ವಿಷಯ. ಒಂದೆರಡು ವರ್ಷಗಳ ಬಳಿಕ, ಸ್ವಂತ ಕಂಪನಿ ಕೈತಪ್ಪಿದಾಗ, ಟೆಸ್ಲಾ ದಿನಕ್ಕೆ 2 ಡಾಲರ್ ಕೂಲಿಗೆ ಕಾಲುವೆ ತೋಡಿದ್ದ. ಆ ಲೆಕ್ಕದಲ್ಲಿ 50,000 ಡಾಲರ್ ಎಂದರೆ 25,000 ದಿನಗಳ ಕೂಲಿ. ಹೊಸದಾಗಿ ಸೇರಿದ ನೌಕರನೊಬ್ಬನಿಗೆ ಮ್ಯಾನೇಜರನೊಬ್ಬ ಇಷ್ಟನ್ನು ಗಂಭೀರವಾಗಿ ಕೊಡಲೊಪ್ಪಿದ್ದನೇ ಎಂಬ ಪ್ರಶ್ನೆಯನ್ನು ಓದುಗನ ಮುಂದಿಡಿ, ತೀರ್ಪು ಕೊಡಬೇಡಿ. ಇಲ್ಲಿ ಇನ್ನೊಂದು ಎಚ್ಚರ: ಆ ಕಾಲದ ಡಾಲರನ್ನು ಇಂದಿನ ರೂಪಾಯಿಗೆ ಪರಿವರ್ತಿಸಿ ‘ಇಷ್ಟು ಕೋಟಿ’ ಎಂದು ಬರೆಯುವುದಕ್ಕಿಂತ ಅದೇ ಕಾಲದ ಕೂಲಿಯೊಡನೆ ಹೋಲಿಸುವುದು ಹೆಚ್ಚು ತಿಳಿಸುತ್ತದೆ.

‘ವಿದ್ಯುತ್ ಪ್ರವಾಹಗಳ ಸಮರ’ವನ್ನು ಎಡಿಸನ್ ಮತ್ತು ಟೆಸ್ಲಾ ನಡುವಿನ ಕುಸ್ತಿಯಾಗಿ ಚಿತ್ರಿಸುವುದು ರೂಢಿ. ವಾಸ್ತವದಲ್ಲಿ ಅದು ನೇರ ಪ್ರವಾಹ ಮಾರುತ್ತಿದ್ದ ಎಡಿಸನ್ ಕಂಪನಿಗೂ ಪರ್ಯಾಯ ಪ್ರವಾಹ ಮಾರುತ್ತಿದ್ದ ಜಾರ್ಜ್ ವೆಸ್ಟಿಂಗ್‌ಹೌಸ್‌ಗೂ ನಡುವಿನ ವ್ಯಾಪಾರದ ಪೈಪೋಟಿ. ಅದು ಬಿರುಸಾಗಿದ್ದ ವರ್ಷಗಳಲ್ಲಿ ಟೆಸ್ಲಾನ ಮೋಟರು ಇನ್ನೂ ಮಾರುಕಟ್ಟೆಗೆ ಬರುವ ಸ್ಥಿತಿಯಲ್ಲಿರಲಿಲ್ಲ. ವೆಸ್ಟಿಂಗ್‌ಹೌಸ್‌ನ ವ್ಯವಸ್ಥೆ ಸೆಕೆಂಡಿಗೆ 133 ಆವರ್ತಗಳದಾಗಿದ್ದು, ಮೋಟರಿಗೆ ಒಗ್ಗಿದ್ದು 60. ಸ್ಕಾಟ್, ಲ್ಯಾಮ್ ಮೊದಲಾದ ಎಂಜಿನಿಯರುಗಳು ಕೆಲವು ವರ್ಷ ತಿಣುಕಿದ ಮೇಲೆ ಅದು ಬಳಕೆಗೆ ಬಂತು. 1892ರಲ್ಲಿ ಎಡಿಸನ್‌ನ ಕಂಪನಿ ಥಾಮ್ಸನ್ ಹ್ಯೂಸ್ಟನ್ ಜೊತೆ ವಿಲೀನವಾಗಿ ಜನರಲ್ ಎಲೆಕ್ಟ್ರಿಕ್ ಆಯಿತು, ಸಮರ ಅಲ್ಲಿಗೆ ಬಹುಮಟ್ಟಿಗೆ ತಣ್ಣಗಾಯಿತು. ಹಾಗಿರುವಾಗ, ಪರ್ಯಾಯ ವಿದ್ಯುತ್ತಿಗೆ ಮಸಿ ಬಳಿಯಲು ಎಡಿಸನ್ ಟಾಪ್ಸಿ ಎಂಬ ಆನೆಯನ್ನು ಕೊಲ್ಲಿಸಿದನೆಂಬ ಕಥೆಗೆ ಇಸವಿಯೇ ಅಡ್ಡ ಬರುತ್ತದೆ. ಆನೆ ಸತ್ತದ್ದು 1903ರ ಜನವರಿಯಲ್ಲಿ, ಕೋನಿ ಐಲೆಂಡಿನ ಮನರಂಜನಾ ಉದ್ಯಾನದವರ ತೀರ್ಮಾನದಿಂದ. ಎಡಿಸನ್ ಹೆಸರಿನ ಚಲನಚಿತ್ರ ಕಂಪನಿ ಅದನ್ನು ಚಿತ್ರೀಕರಿಸಿತ್ತು, ಗೊಂದಲ ಹುಟ್ಟಿದ್ದು ಅದರಿಂದ. ಇಂಥ ಕಥೆಗಳನ್ನು ಪರೀಕ್ಷಿಸಲು ದೊಡ್ಡ ಗ್ರಂಥಾಲಯ ಬೇಡ. ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ವೆಸ್ಟಿಂಗ್‌ಹೌಸ್ ಕಷ್ಟದಲ್ಲಿದ್ದಾಗ ಟೆಸ್ಲಾ ತನ್ನ ಒಪ್ಪಂದದ ಕಾಗದವನ್ನು ಹರಿದು ಹಾಕಿ ಕೋಟ್ಯಂತರ ಹಣವನ್ನು ತ್ಯಾಗ ಮಾಡಿದನೆಂಬ ಪ್ರಸಂಗವೂ ಜನಪ್ರಿಯ. ಮೋಟರಿನ ಪೇಟೆಂಟುಗಳ ಬಳಕೆಗಾಗಿ ವೆಸ್ಟಿಂಗ್‌ಹೌಸ್ ಜೊತೆ ಆದ 1888ರ ಒಪ್ಪಂದದಂತೆ ಪ್ರತಿ ಅಶ್ವಶಕ್ತಿಗೆ 2.50 ಡಾಲರ್ ರಾಯಧನ ಬರಬೇಕಿತ್ತು, ಅದನ್ನು ಆತ ಬಿಟ್ಟುಕೊಟ್ಟದ್ದು ನಿಜ. ಕಾಗದ ಹರಿಯುವ ನಾಟಕೀಯ ದೃಶ್ಯ ಜನರಿಗೆ ತಲುಪಿದ್ದು ಮಾತ್ರ ಆತ ತೀರಿಕೊಂಡ ಮರುವರ್ಷ, ಅವನ ಪರಿಚಿತ ಪತ್ರಕರ್ತ ಜಾನ್ ಓನೀಲ್ ಬರೆದ ಜೀವನಚರಿತ್ರೆಯಿಂದ. 1897ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಆ ಪೇಟೆಂಟುಗಳನ್ನು ಒಂದೇ ಮೊತ್ತಕ್ಕೆ, 2,16,000 ಡಾಲರಿಗೆ, ಕೊಂಡುಕೊಂಡಿತೆಂಬ ಸಂಗತಿಯನ್ನೂ ಪಕ್ಕದಲ್ಲೇ ಬರೆದರೆ ಚಿತ್ರ ಪೂರ್ಣವಾಗುತ್ತದೆ. ಬರಿಗೈಯಲ್ಲಿ ಎದ್ದು ಹೋದವನಲ್ಲ, ಆದರೆ ವ್ಯವಹಾರದಲ್ಲಿ ಗಟ್ಟಿಗನೂ ಅಲ್ಲ.

1915ರ ನೊಬೆಲ್ ಬಹುಮಾನವನ್ನು ಎಡಿಸನ್ ಜೊತೆ ಹಂಚಿಕೊಳ್ಳಲೊಲ್ಲದೆ ಟೆಸ್ಲಾ ನಿರಾಕರಿಸಿದನೆಂಬ ಸಾಲನ್ನು ಹೊಡೆದುಹಾಕಿ. ಇಬ್ಬರಿಗೂ ಬಹುಮಾನ ಬರಲಿದೆಯೆಂದು ಆ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು. ಬಹುಮಾನ ಸಂದದ್ದು ಭೌತವಿಜ್ಞಾನಿಗಳಾದ ಬ್ರಾಗ್ ತಂದೆಮಕ್ಕಳಿಗೆ. ಕೊಡದಿದ್ದ ಬಹುಮಾನವನ್ನು ನಿರಾಕರಿಸುವ ಪ್ರಶ್ನೆ ಏಳುವುದಿಲ್ಲ. ಎರಡು ವರ್ಷಗಳ ನಂತರ ಎಡಿಸನ್ ಹೆಸರಿನ ಪದಕವನ್ನು ಟೆಸ್ಲಾ ಸ್ವೀಕರಿಸಿದ್ದು ಮಾತ್ರ ದಾಖಲಾದ ಸಂಗತಿ.

ಸೋಲಿನ ಅಧ್ಯಾಯ

ಬರಹದ ಅರ್ಧಭಾಗವನ್ನು 1887ರಿಂದ 1898ರವರೆಗಿನ ವರ್ಷಗಳಿಗೆ ಮೀಸಲಿಡಿ. ಪರ್ಯಾಯ ವಿದ್ಯುತ್ತಿನ ದೀಪಗಳಿಂದ ಬೆಳಗಿದ 1893ರ ಷಿಕಾಗೊ ವಿಶ್ವ ಪ್ರದರ್ಶನ, 1895ರ ಮಾರ್ಚ್ 13ರಂದು ಪ್ರಯೋಗಾಲಯ ಬೆಂಕಿಗೆ ಆಹುತಿಯಾದದ್ದು, 1896ರ ನವೆಂಬರಿನಲ್ಲಿ ನಯಾಗರದ ವಿದ್ಯುತ್ತು ಬಫಲೋ ನಗರವನ್ನು ತಲುಪಿದ್ದು, 1898ರಲ್ಲಿ ರೇಡಿಯೊ ಅಲೆಗಳಿಂದ ನಡೆಯುವ ಪುಟ್ಟ ದೋಣಿಯನ್ನು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತೋರಿಸಿದ್ದು, ಎಲ್ಲವೂ ಆ ಅವಧಿಯಲ್ಲೇ ಬರುತ್ತವೆ. ಅದರ ಬಳಿಕದ ನಲವತ್ತೈದು ವರ್ಷಗಳನ್ನು ಬರೆಯುವುದು ಕಷ್ಟ, ಮತ್ತು ಬರೆಯುವವರ ಯೋಗ್ಯತೆ ಗೊತ್ತಾಗುವುದು ಅಲ್ಲಿಯೇ.

ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್ ಗೋಪುರಕ್ಕೆ ಬ್ಯಾಂಕು ಉದ್ಯಮಿ ಜೆ. ಪಿ. ಮಾರ್ಗನ್ 1901ರಲ್ಲಿ 1,50,000 ಡಾಲರ್ ಕೊಡಲೊಪ್ಪಿದ್ದು ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂದೇಶ ಕಳಿಸುವ ಯೋಜನೆಗಾಗಿ. ಅದೇ ಡಿಸೆಂಬರಿನಲ್ಲಿ ಮಾರ್ಕೊನಿ ಅಗ್ಗದ ಸಾಧನಗಳಿಂದ ಸಾಗರದಾಚೆಯ ಸಂಕೇತವನ್ನು ಹಿಡಿದೆನೆಂದು ಪ್ರಕಟಿಸಿದ. ಟೆಸ್ಲಾ ಯೋಜನೆಯನ್ನು ಹಿಗ್ಗಿಸುತ್ತ ಹೋದ. ತಂತಿಯಿಲ್ಲದೆ ವಿದ್ಯುಚ್ಛಕ್ತಿಯನ್ನೇ ಕಳಿಸುವ ಮಾತು ಮುಂದೆ ಬಂತು. ಮಾರ್ಗನ್ ಇನ್ನಷ್ಟು ಹಣ ಕೊಡಲಿಲ್ಲ. ‘ಮೀಟರು ಎಲ್ಲಿ ಹಾಕುವುದು’ ಎಂದು ಮಾರ್ಗನ್ ಕೇಳಿದನೆಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಮೂಲ ಪತ್ರವನ್ನು ತೋರಿಸಲಾಗದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬಾರದು. ಈ ಅಧ್ಯಾಯದಲ್ಲಿ ಭೌತವಿಜ್ಞಾನವೂ ಮಾತಾಡಬೇಕು: ಭೂಮಿಯ ಮೂಲಕ ಹೇರಳ ವಿದ್ಯುಚ್ಛಕ್ತಿಯನ್ನು ಜಗತ್ತಿಗೆಲ್ಲ ಹಂಚುವ ಆ ವಿಧಾನವನ್ನು ಟೆಸ್ಲಾನೂ ಮಾಡಿ ತೋರಿಸಲಿಲ್ಲ, ಆಮೇಲೆ ಬಂದವರೂ ತೋರಿಸಿಲ್ಲ. ಮಾರ್ಗನ್ ಹಣ ಕೊಟ್ಟಿದ್ದರೆ ಅದು ಗೆಲ್ಲುತ್ತಿತ್ತು ಎನ್ನುವುದಕ್ಕೆ ಆಧಾರವಿಲ್ಲ. ಟೆಸ್ಲಾ ತಂಗಿದ್ದ ಹೋಟೆಲಿನ ಬಾಕಿಗೆ ಆಸ್ತಿ ಕೈಬಿಟ್ಟುಹೋಗಿ, 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಇದನ್ನು ಕರುಣೆಯಿಂದ ಬರೆಯಬಹುದು, ಒಳಸಂಚಾಗಿ ಬರೆಯಬೇಕಾಗಿಲ್ಲ.

ನಮ್ಮ ಕಡೆಯ ನಂಟು

ಕನ್ನಡದಲ್ಲಿ ಬರೆಯುವವರಿಗೆ ಎರಡು ನಂಟುಗಳು ಕೈಬೀಸಿ ಕರೆಯುತ್ತವೆ. ಒಂದು ಶಿವನಸಮುದ್ರ. 1902ರಲ್ಲಿ ಅಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಲಾಯಿತು, 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂತು. ಅಷ್ಟು ದೂರ ಸಾಗಿಸಲು ಸಾಧ್ಯವಾದದ್ದು ಬಹು ಫೇಸಿನ ಪರ್ಯಾಯ ವಿದ್ಯುತ್ತಿನ ವ್ಯವಸ್ಥೆಯಿಂದ, ನಯಾಗರದಲ್ಲಿ ಆ ವ್ಯವಸ್ಥೆ ಗೆದ್ದು ಕೆಲವೇ ವರ್ಷಗಳಲ್ಲಿ. ಹೀಗೆಂದು ಬರೆಯಬಹುದು. ಆದರೆ ಟೆಸ್ಲಾನಿಗೂ ಮೈಸೂರು ಸಂಸ್ಥಾನಕ್ಕೂ ನೇರ ವ್ಯವಹಾರವಿತ್ತೆಂಬ ಅರ್ಥ ಬರುವಂತೆ ಬರೆಯಬಾರದು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್, ಯೋಜನೆಯ ಹಿಂದಿದ್ದವರು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಲೊಟ್‌ಬಿನಿಯೇರ್.

ಇನ್ನೊಂದು ನಂಟು ಸ್ವಾಮಿ ವಿವೇಕಾನಂದರದು. 1896ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಬರೆದ ಪತ್ರವೊಂದರಲ್ಲಿ ಅವರು, ಶಕ್ತಿ ಮತ್ತು ದ್ರವ್ಯಗಳ ಸಂಬಂಧವನ್ನು ಗಣಿತದಿಂದ ತೋರಿಸಬಲ್ಲೆನೆಂದು ಟೆಸ್ಲಾ ಭಾವಿಸಿದ್ದಾನೆಂದೂ ಅದನ್ನು ನೋಡಲು ಮುಂದಿನ ವಾರ ತಾವು ಹೋಗಲಿರುವುದಾಗಿಯೂ ತಿಳಿಸಿದ್ದಾರೆ. ಅಂಥ ನಿರೂಪಣೆಯನ್ನು ಟೆಸ್ಲಾ ಪ್ರಕಟಿಸಲಿಲ್ಲ. ಇದನ್ನು ಹಿಡಿದುಕೊಂಡು ಅವನ ಆವಿಷ್ಕಾರಗಳೆಲ್ಲ ವೇದಾಂತದಿಂದ ಬಂದವೆಂದು ಬರೆಯುವವರಿಗೆ ಮತ್ತೆ ಇಸವಿಯೇ ಉತ್ತರ. ಮೋಟರಿನ ಪೇಟೆಂಟು 1888ರದು, ವಿವೇಕಾನಂದರು ಅಮೆರಿಕಕ್ಕೆ ಕಾಲಿಟ್ಟದ್ದು 1893ರಲ್ಲಿ. ಟೆಸ್ಲಾ ಭಾರತೀಯ ಚಿಂತನೆಯಲ್ಲಿ ಆಸಕ್ತಿ ತಳೆದದ್ದು, ಆಕಾಶ, ಪ್ರಾಣ ಎಂಬ ಮಾತುಗಳನ್ನು ಮುಂದೆ ತನ್ನ ಬರಹದಲ್ಲಿ ಬಳಸಿದ್ದು ತನ್ನಷ್ಟಕ್ಕೇ ಸ್ವಾರಸ್ಯಕರ. ಅದಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ.

ಕೊನೆಯ ವರ್ಷಗಳು, ಕಡತಗಳು, ಚಿತ್ರಗಳು

ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ಒಂಟಿ ಮುದುಕನ ಚಿತ್ರಕ್ಕೆ ಒಂದು ಪುಟಕ್ಕಿಂತ ಹೆಚ್ಚು ಕೊಟ್ಟರೆ ಅದು ಉಳಿದ ಬದುಕನ್ನೆಲ್ಲ ನುಂಗುತ್ತದೆ. 1934ರಿಂದ ವೆಸ್ಟಿಂಗ್‌ಹೌಸ್ ಕಂಪನಿ ತಿಂಗಳಿಗೆ 125 ಡಾಲರ್ ಕೊಟ್ಟು, ಬಾಡಿಗೆಯ ಹೊಣೆಯನ್ನೂ ಹೊತ್ತಿತು. 1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ 3327ನೇ ಕೋಣೆಯಲ್ಲಿ ಟೆಸ್ಲಾ ತೀರಿಕೊಂಡ. 1891ರಿಂದಲೂ ಅಮೆರಿಕದ ಪ್ರಜೆಯಾಗಿದ್ದವನ ಕಾಗದಪತ್ರಗಳನ್ನು ವಿದೇಶೀಯರ ಆಸ್ತಿ ನೋಡಿಕೊಳ್ಳುವ ಇಲಾಖೆ ವಶಕ್ಕೆ ತೆಗೆದುಕೊಂಡಿತು, ಎಂಐಟಿಯ ಪ್ರಾಧ್ಯಾಪಕ ಜಾನ್ ಟ್ರಂಪ್ ಅವುಗಳನ್ನು ಪರಿಶೀಲಿಸಿ, ಅವು ಹೆಚ್ಚಾಗಿ ಊಹೆ ಮತ್ತು ತಾತ್ತ್ವಿಕ ಚಿಂತನೆಯ ಸ್ವರೂಪದವು ಎಂದು ವರದಿ ಕೊಟ್ಟರು. ಮುಂದೆ ಅವು ಬೆಲ್‌ಗ್ರೇಡಿಗೆ ಹೋಗಿ, ಈಗ ಅಲ್ಲಿನ ಟೆಸ್ಲಾ ವಸ್ತುಸಂಗ್ರಹಾಲಯದಲ್ಲಿವೆ. 2003ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೂ ಸೇರಿವೆ. ಅದೇ 1943ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಾರ್ಕೊನಿಯ ಒಂದು ಪೇಟೆಂಟಿನ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ‘ರೇಡಿಯೊದ ಜನಕ ಟೆಸ್ಲಾ ಎಂದು ಕೋರ್ಟು ಸಾರಿತು’ ಎಂದು ಇದನ್ನು ಬರೆಯುವುದುಂಟು. ತೀರ್ಪು ಇದ್ದದ್ದು ಶ್ರುತಿಗೊಳಿಸಿದ ಮಂಡಲಗಳ (ಬೇಕಾದ ಅಲೆಯನ್ನಷ್ಟೇ ಆರಿಸಿಕೊಳ್ಳುವ ಟ್ಯೂನ್ಡ್ ಸರ್ಕೀಟುಗಳ) ಪೇಟೆಂಟಿನ ಬಗ್ಗೆ. ಅದರಲ್ಲಿ ಮಾರ್ಕೊನಿಗಿಂತ ಮೊದಲಿದ್ದವರೆಂದು ಲಾಡ್ಜ್, ಟೆಸ್ಲಾ, ಸ್ಟೋನ್ ಮೂವರ ಹೆಸರೂ ಬಂದಿದೆ.

ಚಿತ್ರಗಳನ್ನು ಕಡೆಗೆ ಆರಿಸಿ. ಕೊಲೊರಾಡೊ ಸ್ಪ್ರಿಂಗ್ಸ್‌ನ ಪ್ರಯೋಗಾಲಯದಲ್ಲಿ, ತಲೆಯ ಮೇಲೆ ಮಿಂಚಿನ ಚಾವಣಿಯೇ ಸಿಡಿಯುತ್ತಿರುವಾಗ ಟೆಸ್ಲಾ ನಿಶ್ಚಿಂತೆಯಿಂದ ಓದುತ್ತ ಕುಳಿತಿರುವ ಚಿತ್ರವನ್ನು ನೀವು ಬಿಡಲಾರಿರಿ, ಬಿಡಬೇಕಾಗಿಯೂ ಇಲ್ಲ. 1899ರ ಡಿಸೆಂಬರಿನಲ್ಲಿ ಡಿಕನ್ಸನ್ ಆಲಿ ತೆಗೆದದ್ದು ಅದು. ಕತ್ತಲಲ್ಲಿ ಮಿಂಚನ್ನು ಒಮ್ಮೆ, ಯಂತ್ರ ನಿಲ್ಲಿಸಿ ಕುಳಿತ ಮನುಷ್ಯನನ್ನು ಇನ್ನೊಮ್ಮೆ, ಒಂದೇ ಗಾಜಿನ ಫಲಕದ ಮೇಲೆ ಎರಡು ಸಲ ಸೆರೆಹಿಡಿಯಲಾಗಿದೆ. ಟೆಸ್ಲಾ ತನ್ನ ಟಿಪ್ಪಣಿಗಳಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಚಿತ್ರದ ಕೆಳಗಿನ ಸಾಲಿನಲ್ಲಿ ನೀವೂ ಅಷ್ಟನ್ನೇ ಬರೆಯಿರಿ: ತೆಗೆದ ವರ್ಷ, ತೆಗೆದವನ ಹೆಸರು, ಎರಡು ಸಲ ತೆಗೆದು ಒಂದುಗೂಡಿಸಿದ ಚಿತ್ರವೆಂಬ ಮಾತು.